ಕೆಳಗಿನ ಸಾಲಿನ ನಂಬರು

ಕಂಪ್ಯೂಟರಿನಿಂದ ಹೀಗಾಯಿತು ಎಂದು ನಮ್ಮ ಆಫೀಸಿನಲ್ಲಿ ಅರ್ಧ ಮಂದಿ ಹೇಳುತ್ತಾರೆ. ಉಳಿದರ್ಧ ಮಂದಿ ಚೀಟಿ ಟೈಪ್ ಮಾಡುತ್ತಿದ್ದ ಅಕಿಗೆ ಕೆಲಸದ ಮೇಲೆ ಲಕ್ಷ್ಯ ಇರಲಿಲ್ಲ ಎನ್ನುತ್ತಾರೆ. ಎರಡೂ ಸುಳ್ಳು. ನಂಬರು ತಪ್ಪಾಗಿ ಓದಿದವಳು ನಾನು. ಕೆಲಸ ಹೋದದ್ದು ಅಕಿದು. ಅಕಿಯನ್ನು ಬೈಯುವಾಗ ನಾನು ಚಹಾದ ಟ್ರೇ ಹಿಡಿದುಕೊಂಡು ಅಲ್ಲೇ ನಿಂತಿದ್ದೆ, ಬಾಯಿ ತೆರೆಯಲಿಲ್ಲ.

ನಾನು ಕಲಿತದ್ದು ವಿಜಾಪುರದ ಕಡೆ, ಮೂರನೇ ಇಯತ್ತೆವರೆಗೆ. ಕನ್ನಡ ಬರೆಯಲು ಬರುತ್ತದೆ, ಒತ್ತು ದೀರ್ಘ ತಪ್ಪಿದ್ದರೆ ಓದುವವರು ತಿದ್ದಿಕೊಳ್ಳಬೇಕು. ಇಂಗ್ಲಿಷ್ ಅಕ್ಷರ ಬರುವುದಿಲ್ಲ. ಇಂಗ್ಲಿಷ್ ಅಂಕಿ ಬರುತ್ತವೆ, ಬಸ್ಸಿನ ನಂಬರು ನೋಡಿ ನೋಡಿ ಕಲಿತದ್ದು. ವಡಾಲದಲ್ಲಿ ಬಂದರಿನ ಸರಕು ಬಿಡಿಸಿಕೊಡುವ ಒಂದು ಆಫೀಸಿನಲ್ಲಿ ಕಸ ಹೊಡೆಯುವುದು, ನೆಲ ಒರೆಸುವುದು, ದಿನಕ್ಕೆ ಮೂರು ಸಲ ಚಹಾ ಮಾಡುವುದು ನನ್ನ ಕೆಲಸ. ಮೊಮ್ಮಕ್ಕಳು ಕಾಲೇಜಿಗೆ ಹೋಗುವಷ್ಟು ದೊಡ್ಡವರಾದರೂ ನಾನು ಬಿಟ್ಟಿಲ್ಲ. ಮನೆಯಲ್ಲಿ ಕೂತರೆ ಸೊಸೆಗೂ ತ್ರಾಸು, ನನಗೂ ತ್ರಾಸು. ಆಫೀಸಿನವರೆಲ್ಲ ನನ್ನನ್ನು ಮರಾಠಿಯಲ್ಲಿ ಮೌಶಿ, ಅಂದರೆ ಚಿಕ್ಕಮ್ಮ, ಎನ್ನುತ್ತಾರೆ.

ಅಕಿ ಒಬ್ಬಳೇ ನಮ್ಮ ಕಡೆಯವರ ಹಾಗೆ ಆಯಿ ಎನ್ನುತ್ತಿದ್ದಳು. ಧಾರವಾಡದವಳು, ಐವತ್ತು ದಾಟಿದವಳು, ಮದುವೆ ಆದವಳಲ್ಲ. ಘಾಟ್ಕೋಪರಿನಲ್ಲಿ ತಮ್ಮನ ಸಂಸಾರದ ಜೊತೆ ಎರಡು ಖೋಲಿಯ ಮನೆ. ಪಗಾರ ತರುವತನಕ ಆ ಮನೆಯಲ್ಲಿ ಅಕಿ ಅಕ್ಕ, ತರದಿದ್ದರೆ ಹೊರಗಿನವಳು. ಇದು ನನ್ನ ಮಾತಲ್ಲ, ಅಕಿಯೇ ನಕ್ಕೊಂತ ಹೇಳಿದ್ದು.

ಟ್ರೇಲರ್ ಚೀಟಿ ಮಾಡುವುದು ಅಕಿಯ ಕೆಲಸ. ಹಡಗಿನ ಕಂಪನಿಯಿಂದ ಕಂಟೇನರುಗಳ ಪಟ್ಟಿ ಕಂಪ್ಯೂಟರಿಗೆ ಬರುತ್ತದೆ. ಗಿರಾಕಿಯ ಕಂಟೇನರ್ ಯಾವುದು ಎಂದು ನೋಡಿ ಅದರ ನಂಬರನ್ನು ಚೀಟಿಯಲ್ಲಿ ಟೈಪ್ ಹೊಡೆದು ಕೊಡಬೇಕು. ಆ ಚೀಟಿ ತೋರಿಸಿ ಟ್ರೇಲರಿನವನು ಬಂದರಿನಿಂದ ಅದೇ ಕಂಟೇನರನ್ನು ಹೇರಿಕೊಂಡು ಹೋಗುತ್ತಾನೆ. ನಂಬರಿಗೆ ಮೊದಲು ನಾಲ್ಕು ಇಂಗ್ಲಿಷ್ ಅಕ್ಷರ, ಆಮೇಲೆ ಏಳು ಅಂಕಿ. ಇಪ್ಪತ್ತು ವರ್ಷ ಅಕಿ ಇದನ್ನೇ ಹೊಡೆದಳು.

ಎರಡು ವರ್ಷದ ಹಿಂದೆ ಒಂದು ಮುಂಜಾನೆ ಅಕಿಯ ಕುರ್ಚಿಯ ಹಿಂದೆ ನೆಲ ಒರೆಸುತ್ತಿದ್ದೆ. ತಲೆ ಎತ್ತಿದರೆ ಸ್ಕ್ರೀನಿನ ಮೇಲೆ ಒಂದು ಎಂಟು, ಬದನೆಕಾಯಿಯಷ್ಟು ದೊಡ್ಡದು. ಮೌಸ್ ಸರಿದಂತೆಲ್ಲ ಒಂದೊಂದೇ ಅಂಕಿ ಹಾಗೆ ಉಬ್ಬಿ ಬರುತ್ತಿತ್ತು.

"ಏನಿದು ತಂಗಿ, ಅಂಕಿಗೆ ಬಾವು ಬಂದದೇನು?" ಎಂದೆ.

ಅಕಿ ಸುತ್ತ ನೋಡಿದಳು. "ಮೆಲ್ಲಗ ಮಾತಾಡ್ರಿ ಆಯಿ. ಕಂಪ್ಯೂಟರಿನೊಳಗ ಒಂದು ಭೂತಗನ್ನಡಿ ಇರತೈತಿ. ಎಲ್ಲಾದರಾಗೂ ಇರತೈತಿ, ಯಾರೂ ಹಚ್ಚೂದಿಲ್ಲ."

"ಮತ್ತ ನೀ ಯಾಕ ಹಚ್ಚತಿ?"

"ಕಣ್ಣಿನ ನಡುಬರಕ ಮಸಿ ಬಡದಂಗ ಆಗೇತ್ರಿ. ಬಾಜೂಕಿಂದು ಕಾಣತೈತಿ, ಎದುರಿಂದು ಕಾಣೂದಿಲ್ಲ. ಯಾರ ಮುಂದೂ ಹೇಳಬ್ಯಾಡ್ರಿ."

ಚಷ್ಮಾದ ಅಂಗಡಿಯವನು ಇದು ಚಷ್ಮಾಕ್ಕೆ ಆಗುವಂಥದ್ದಲ್ಲ, ದೊಡ್ಡ ದವಾಖಾನೆಗೆ ಹೋಗಿ ಎಂದಿದ್ದನಂತೆ. ಅಕಿ ಹೋಗಿರಲಿಲ್ಲ. ದವಾಖಾನೆ ಎಂದರೆ ಒಂದು ದಿನಕ್ಕೆ ಮುಗಿಯುವುದಿಲ್ಲ, ರಜೆ ಬೇಕು, ರಜೆ ಅರ್ಜಿಗೆ ಡಾಕ್ಟರರ ಕಾಗದ ಹಚ್ಚಬೇಕು, ಹಚ್ಚಿದರೆ ಸಾಹೇಬರಿಗೆ ಗೊತ್ತಾಗುತ್ತದೆ. ಹೋಗು ಎಂದು ಎರಡು ಮೂರು ಸಲ ಹೇಳಿದೆ. ಆಮೇಲೆ ಬಿಟ್ಟೆ. ಹೇಳಿದ್ದನ್ನೇ ಹೇಳುತ್ತ ಕೂರುವ ಪೈಕಿ ನಾನಲ್ಲ.

ಈ ವರ್ಷ ಎಲ್ಲ ಕಂಪ್ಯೂಟರಿಗೂ ಹೊಸ ಸಿಸ್ಟಮ್ ಹಾಕಿದರು. ಹಾಕಿದ ಮೇಲೆ ಅವು ಎಮ್ಮೆಯ ಹಾಗೆ ನಡೆಯತೊಡಗಿದವು. ಬಟನ್ ಒತ್ತಿ, ನಾನು ಚಹಾಕ್ಕೆ ನೀರಿಟ್ಟು ಬಂದರೂ ಸ್ಕ್ರೀನಿನ ಮೇಲೆ ಅದೇ ಚಕ್ರ ತಿರುಗುತ್ತಿರುತ್ತಿತ್ತು. ಕೇಳದಿದ್ದರೂ ಬಂದ ಪ್ರೋಗ್ರಾಮುಗಳು ಒಳಗೆ ತುಂಬಿಕೊಂಡಿವೆ ಎಂದರು. ಆಟ, ಹವಾಮಾನ, ಸಿನಿಮಾ, ಊರ ಸುದ್ದಿ, ಇನ್ನೂ ಏನೇನೋ. ಅವನ್ನೆಲ್ಲ ಕಿತ್ತು ಹಾಕಲು ಸಾಹೇಬರು ಮಲಾಡಿನಿಂದ ಒಬ್ಬ ಕಂಪ್ಯೂಟರಿನವನನ್ನು ಕರೆಸಿದರು. ತಲೆ ನೆರೆತ ಮನುಷ್ಯ, ಮಾತು ಕಡಿಮೆ, ಸಕ್ಕರೆ ಇಲ್ಲದ ಚಹಾ.

ಅವನ ಮೇಲೆ ನಾನು ತಪ್ಪು ಹೊರಿಸುವುದಿಲ್ಲ. ಮೊದಲೇ ಒಂದು ಕಾಗದ ಕೊಟ್ಟ. ಯಾವ ಟೇಬಲಿಗೆ ಯಾವ ಪ್ರೋಗ್ರಾಮ್ ಬೇಕೋ ಬರೆದು ಸಹಿ ಮಾಡಿ, ಬರೆಯದ್ದು ಹೋಯಿತು, ಆಮೇಲೆ ನನ್ನ ಮುಂದೆ ಅಳಬೇಡಿ ಎಂದು ಹಿಂದಿಯಲ್ಲಿ ಹೇಳಿದ.

ಕ್ಯಾಶಿಯರ್ ಅವನ ಹತ್ತಿರ ಬಗ್ಗಿ, "ಬಾಸ್, ನನ್ನದರಲ್ಲಿ ಇಸ್ಪೀಟು ಇರಲಿ," ಎಂದ.

"ಬರೆದು ಕೊಡಿ."

"ಬರೆದರೆ ಸಾಹೇಬರು ಓದುತ್ತಾರಲ್ಲ."

"ಹಾಗಾದರೆ ಇಸ್ಪೀಟು ಹೋಯಿತು."

ಎಲ್ಲರೂ ನಕ್ಕರು. ಕಾಗದವನ್ನು ಟೇಬಲಿಂದ ಟೇಬಲಿಗೆ ಒಯ್ಯುವ ಕೆಲಸ ನನಗೇ ಬಂತು. ಅಕಿ ಎಲ್ಲರೂ ಬರೆದದ್ದನ್ನೇ ಎರಡು ಸಾಲು ಬರೆದು ನನ್ನ ಕೈಗೆ ಕೊಟ್ಟಳು.

"ಅದನ್ನ ಬರದಿಲ್ಲೇನು?" ಎಂದೆ.

"ಏನಂತ ಬರೀಲ್ರಿ ಆಯಿ? ನನ್ನ ಕಣ್ಣು ಹೋಗ್ಯಾವು, ಭೂತಗನ್ನಡಿ ಇಡ್ರಿ ಅಂತನಾ? ಕೆಳಗ ಸಹಿ ಬ್ಯಾರೆ."

"ಹಂಗಾದ್ರ ಅವನ ಕಿವ್ಯಾಗ ಹೇಳು."

"ಅಂವ ಸಾಹೇಬರ ಮನಶಾ. ಇರಲಿ ಬಿಡ್ರಿ, ಅದು ಮಶೀನಿನ ಜೋಡಿನೇ ಹುಟ್ಟಿದ್ದು. ಅದನ್ನೆಲ್ಲೆ ತಗೀತಾನ."

ಅವನು ಅಕಿಯ ಟೇಬಲಿಗೆ ಬಂದಾಗ ನಾನು ಚಹಾ ಹಂಚುತ್ತಿದ್ದೆ. ಅಕಿ ಕುರ್ಚಿ ಬಿಟ್ಟು ಪಕ್ಕದಲ್ಲಿ ನಿಂತಿದ್ದಳು. ಅವನು ಸ್ಕ್ರೀನ್ ನೋಡುತ್ತಲೇ ಕೇಳಿದ, "ಕಣ್ಣು ಕಿವಿ ಸರಿಯಿಲ್ಲದವರಿಗೆ ಅಂತ ಒಂದಿಷ್ಟು ಸಾಮಾನು ಇರುತ್ತದೆ. ಇಲ್ಲಿ ಅಂಥವರು ಯಾರಾದರೂ ಇದ್ದಾರಾ?"

"ಯಾರೂ ಇಲ್ಲ," ಎಂದಳು ಅಕಿ.

ಕೇಳಿದ್ದು ಎಲ್ಲರನ್ನು. ಹೇಳಿದ್ದು ಅಕಿ ಒಬ್ಬಳೇ. ನಾನು ಕಪ್ಪು ಇಟ್ಟು ಮುಂದಿನ ಟೇಬಲಿಗೆ ಹೋದೆ.

ಸಂಜೆಗೆ ಎಲ್ಲ ಕಂಪ್ಯೂಟರೂ ಓಡತೊಡಗಿದವು. ಸಾಹೇಬರು ಖುಷಿಯಾಗಿ ಸಮೋಸಾ ತರಿಸಿದರು. ಅಕಿಯ ಭೂತಗನ್ನಡಿ ಮಾತ್ರ ಹೋಗಿತ್ತು. ಅಕಿ ಎರಡು ದಿನ ಏನೇನೋ ಒತ್ತಿ ನೋಡಿದಳು. ಸ್ಕ್ರೀನಿಗೆ ಮೂಗು ತಾಗಿಸಿ ನೋಡಿದಳು, ಮುಖ ಓರೆ ಮಾಡಿ ಕೋಳಿಯ ಹಾಗೆ ನೋಡಿದಳು. ಮೂರನೇ ದಿನ ಎಲ್ಲರಿಗಿಂತ ಮೊದಲು ಬಂದು, ನಾನು ಬಕೆಟ್ ತುಂಬಿಸುವಲ್ಲಿಗೇ ಬಂದಳು.

"ಆಯಿ, ನಿಮಗ ಅಂಕಿ ಓದಾಕ ಬರತಾವಲ್ರಿ?"

ಹೀಗೆ ಶುರುವಾಯಿತು. ಅಕಿ ಪಟ್ಟಿಯನ್ನು ಕಾಗದಕ್ಕೆ ಇಳಿಸಿ ಟೇಬಲ್ ಮೇಲೆ ಇಡುವಳು. ನಾನು ಅರಿವೆ ಹಿಡಿದು ಟೇಬಲ್ ಒರೆಸುವ ನೆವದಲ್ಲಿ ಹೋಗಿ ತುಟಿ ಅಲುಗಿಸದೆ ಓದುವೆ. ಒಂದು ಕಂಪನಿಯ ಪಟ್ಟಿಯಲ್ಲಿ ಮೊದಲಿನ ನಾಲ್ಕು ಅಕ್ಷರ ಎಲ್ಲ ಸಾಲಿಗೂ ಒಂದೇ, ಅವು ಅಕಿಗೆ ಬಾಯಿಪಾಠ. ಉಳಿದ ಏಳು ಅಂಕಿ ನನ್ನವು. ಅಕಿಯ ಬೆರಳು ನೋಡದೆಯೇ ಹೊಡೆಯುತ್ತಿದ್ದವು. ಪಟ್ಟಿಯಲ್ಲಿ ಇಂತಿಷ್ಟನೇ ಸಾಲಿನದು ಮೊದಲು ಬಿಡಿ ಎಂದು ಸಾಹೇಬರು ತಮ್ಮ ಖೋಲಿಯಿಂದ ಫೋನಿನಲ್ಲಿ ಹೇಳುವರು. ನಾನು ಮೇಲಿನಿಂದ ಸಾಲು ಎಣಿಸಿ ಬೆರಳಿಡುವೆ.

"ಮೌಶಿ, ಅವರ ಟೇಬಲಿನಲ್ಲಿ ಬಂಗಾರ ಸಿಗುತ್ತದೇನು? ನಮ್ಮದಕ್ಕೂ ಒಮ್ಮೆ ಬಟ್ಟೆ ತೋರಿಸಿ," ಎಂದ ಕ್ಯಾಶಿಯರ್.

"ನಿನ್ನ ಟೇಬಲ್ ಒರೆಸಿದರೆ ವಡಾಪಾವಿನ ಎಣ್ಣೆಗೆ ಬಟ್ಟೆಯನ್ನೇ ಒಗೆಯಬೇಕು," ಎಂದೆ. ಅವನು ಮತ್ತೆ ಕೇಳಲಿಲ್ಲ.

ಎರಡು ವಾರ ನಡೆಯಿತು. ಒಂದೂ ತಪ್ಪಲಿಲ್ಲ. ನನಗೆ ಒಳಗೊಳಗೇ ಸೊಕ್ಕು ಬಂದಿತ್ತು, ಅದನ್ನೂ ಹೇಳುತ್ತೇನೆ. ಮೂರನೇ ಇಯತ್ತೆಯವಳು ಬಂದರಿನ ಕಂಟೇನರ್ ಬಿಡಿಸುತ್ತಿದ್ದೇನೆ ಎಂಬ ಸೊಕ್ಕು.

ಆ ದಿನ ಸಾಹೇಬರು ಆರನೇ ಸಾಲಿನದು ಎಂದರು. ನಾನು ಎಣಿಸಿ ಬೆರಳಿಟ್ಟೆ. ಅಷ್ಟರಲ್ಲಿ ಸಾಹೇಬರ ಖೋಲಿಯ ಬೆಲ್ ಆಯಿತು. ಹೊರಗಿನಿಂದ ಯಾರೋ ಪಾಹುಣರು ಬಂದು ಕೂತಿದ್ದರು, ಐದು ಚಹಾ. ಬೆರಳೆತ್ತಿ ಹೋದೆ, ಚಹಾ ಕೊಟ್ಟು ಬಂದೆ. ಬಂದು ಮತ್ತೆ ಎಣಿಸಲಿಲ್ಲ. ಬೆರಳು ಎಲ್ಲಿತ್ತು ಎಂದು ಗೊತ್ತಿದೆ ಎಂದುಕೊಂಡು ಇಟ್ಟೆ, ಓದಿದೆ, ಅಕಿ ಹೊಡೆದಳು, ಚೀಟಿ ಹೋಯಿತು. ನಾನು ಓದಿದ್ದು ಏಳನೇ ಸಾಲು.

ಒಂದು ಅಂಕಿ ತಪ್ಪಿದ್ದರೆ ಕಂಪ್ಯೂಟರೇ ಹಿಡಿಯುತ್ತಿತ್ತಂತೆ, ಅಂಕಿಗಳ ಲೆಕ್ಕ ಕೂಡದಿದ್ದರೆ ಅದು ಕೆಂಪು ತೋರಿಸುತ್ತದೆ. ನಾನು ಓದಿದ್ದರಲ್ಲಿ ಒಂದು ಅಂಕಿಯೂ ತಪ್ಪಿರಲಿಲ್ಲ. ಪೂರ್ತಿ ಸರಿಯಾದ ನಂಬರು, ಬೇರೆ ಗಿರಾಕಿಯದು.

ಎರಡು ದಿನದ ಮೇಲೆ ಭಿವಂಡಿಯಿಂದ ಫೋನ್ ಬಂತು. ಗಿರಾಕಿಯ ಗೋದಾಮಿನವರು ತಮ್ಮದೇ ಎಂದು ಸೀಲ್ ಕತ್ತರಿಸಿ ಬಾಗಿಲು ತೆಗೆದಿದ್ದಾರೆ, ಒಳಗೆ ಬೇರೆಯವರ ಮಾಲು. ಈ ಧಂದೆಯಲ್ಲಿ ಬೇರೆಯವರ ಸೀಲ್ ಒಡೆಯುವುದೆಂದರೆ ಬೇರೆಯವರ ಮನೆಯ ಬೀಗ ಒಡೆದ ಹಾಗೆ. ಕಸ್ಟಮ್ಸಿನವರು ಸಾಹೇಬರನ್ನು ಕರೆಸಿ ದಿನವಿಡೀ ಕೂರಿಸಿಕೊಂಡರು.

ಮಾರನೇ ದಿನ ಮಧ್ಯಾಹ್ನ ಸಾಹೇಬರು ಆ ಪಟ್ಟಿಯನ್ನು ತಂದು ಎಲ್ಲರೆದುರು ಅಕಿಯ ಮುಂದೆ ಹಿಡಿದರು. "ಆರನೇ ಸಾಲು ಓದಿ."

ಅಕಿ ಕಾಗದ ತೆಗೆದುಕೊಂಡಳು. ಹತ್ತಿರ ಹಿಡಿಯಲಿಲ್ಲ, ಹಿಡಿದರೆ ಗೊತ್ತಾಗುತ್ತದೆ. ನಾನು ಎರಡು ಮಾರು ದೂರದಲ್ಲಿ ಟ್ರೇ ಹಿಡಿದು ನಿಂತಿದ್ದೆ, ನಂಬರು ನನಗೆ ಅಷ್ಟೊತ್ತಿಗೆ ಬಾಯಿಪಾಠವಾಗಿತ್ತು.

"ಓದಿ ಅಂದೆ. ಇದರಲ್ಲಿ ತಪ್ಪು ಮಾಡುವಂಥದ್ದು ಏನಿದೆ?"

"ಮೊಬೈಲ್ ನೋಡಿಕೊಂಡು ಹೊಡೆದೆ ಸಾಹೇಬ್," ಎಂದಳು ಅಕಿ. "ತಪ್ಪಾಯಿತು."

ಸಾಹೇಬರು ಹತ್ತು ಮಾತು ಆಡಿದರು. ಇಪ್ಪತ್ತು ವರ್ಷದ ಮೇಲೆ ಇಂಥ ಚಟವೇ ಎಂದರು. ಕೊನೆಗೆ, ನಾಳೆಯಿಂದ ಬರಬೇಡಿ ಎಂದರು.

ಮೆಟ್ಟಿಲಲ್ಲಿ ಅಕಿಯನ್ನು ಹಿಡಿದೆ. "ನಾ ತಪ್ಪು ಓದೀನಿ."

"ಗೊತ್ತೈತ್ರಿ."

"ನಡಿ, ಹೇಳೂಣು."

"ಏನಂತ? ಅಂಕಿ ನೀವ್ಯಾಕ ಓದಿದ್ರಿ ಅಂತ ಕೇಳತಾರ. ಆಮ್ಯಾಲೆ?" ಅಕಿ ಚೀಲವನ್ನು ಹೆಗಲಿಗೇರಿಸಿದಳು. "ಮೊಬೈಲ್ ನೋಡಿ ತಪ್ಪು ಮಾಡಿದಾಕಿನ್ನ ಬ್ಯಾರೆ ಆಫೀಸಿನವರು ಒಂದಿನ ತೊಗೊಂಡಾರು. ಕಣ್ಣಿಲ್ಲದಾಕಿನ್ನ ಯಾರೂ ತೊಗೊಳ್ಳೂದಿಲ್ಲ. ಬಂದರಿನ ಮಂದಿ ಒಬ್ಬರಿಗೊಬ್ಬರು ಫೋನ್ ಮಾಡೇ ಮಾಡತಾರ. ನೀವು ಸುಮ್ಮನಿರ್ರಿ."

ಸುಮ್ಮನಿದ್ದೆ. ಅಕಿಯ ಮಾತು ಖರೆ ಇತ್ತು. ಅದರ ಜೊತೆಗೆ ನನ್ನ ಕೆಲಸವೂ ಉಳಿಯಿತು. ಅಕಿ ಕಟಕಟೆ ಹಿಡಿದು ಒಂದೊಂದೇ ಮೆಟ್ಟಿಲನ್ನು ಕಾಲಿನಿಂದ ಹುಡುಕಿ ಇಳಿಯುತ್ತಿದ್ದಾಗ ನನಗೆ ಮೊದಲು ಆದದ್ದು ಸಮಾಧಾನ. ನಾಚಿಕೆ ಆಮೇಲೆ ಬಂತು, ಚಹಾದ ಪಾತ್ರೆ ತಿಕ್ಕುವಾಗ.

ಸಾಹೇಬರು ತಡ ಮಾಡುವವರಲ್ಲ. ಅದೇ ಸಂಜೆ ಕಂಪ್ಯೂಟರಿನವನು ಅಕಿಯ ಮಶೀನನ್ನು ಹೊಸಬರಿಗೆ ತಯಾರು ಮಾಡಲು ಬಂದ. ಅವನಿಗೆ ಚಹಾ ಕೊಟ್ಟು ಕೇಳಿದೆ, "ಅಕ್ಷರ ದೊಡ್ಡದು ಮಾಡುವಂಥದ್ದು ಒಂದಿತ್ತಲ್ಲ, ತೆಗೆದದ್ದನ್ನು ಮತ್ತೆ ಹಾಕಲು ಎಷ್ಟು ಹೊತ್ತು ಬೇಕು?"

"ಎರಡು ನಿಮಿಷ." ಅವನು ತಿರುಗಿ ನನ್ನನ್ನು ನೋಡಿದ. "ಯಾರಿಗೆ ಬೇಕಿತ್ತು ಮೌಶಿ?"

"ಯಾರಿಗೂ ಅಲ್ಲ."

"ನಾನು ಕೇಳಿದ್ದೆ."

"ಹೌದು, ನೀನು ಕೇಳಿದ್ದೆ."

"ಒಂದು ಮಶೀನಿನಲ್ಲಿ ಬಿಡಬಹುದಿತ್ತು. ಅದರ ಭಾರ ಏನೂ ಇರಲಿಲ್ಲ," ಎಂದು ಅವನು ಚಹಾ ಕುಡಿದು ಕೆಲಸ ಮುಂದುವರಿಸಿದ. ಸಾಹೇಬರಿಗೆ ಅವನು ಹೇಳಿದನೋ ಇಲ್ಲವೋ ನನಗೆ ಗೊತ್ತಿಲ್ಲ.

ಮರುದಿನ ಮುಂಜಾನೆ ಮೈಯಲ್ಲಿ ನೆಟ್ಟಗಿಲ್ಲ ಎಂದು ಆಫೀಸಿಗೆ ಫೋನ್ ಮಾಡಿಸಿದೆ. ವಡಾಲದಿಂದ ಲೋಕಲ್ ಹಿಡಿದು, ಕುರ್ಲಾದಲ್ಲಿ ಬದಲಿಸಿ ಘಾಟ್ಕೋಪರಿಗೆ ಹೋದೆ. ಬಾಗಿಲು ತೆಗೆದವಳು ಅಕಿಯೇ. ಸೀರೆ ಉಟ್ಟು, ಚೀಲ ಹೆಗಲಿಗೆ ಹಾಕಿ, ಡಬ್ಬಿ ಕಟ್ಟಿಕೊಂಡು ನಿಂತಿದ್ದಳು. ಕೆಲಸ ಹೋದದ್ದನ್ನು ಮನೆಯಲ್ಲಿ ಹೇಳಿರಲಿಲ್ಲ. ಒಳಗಿನಿಂದ ತಮ್ಮನ ಹೆಂಡತಿ ಯಾರು ಎಂದು ಕೇಳಿದಳು. ಆಫೀಸಿನವರು ಎಂದಳು ಅಕಿ, ಬಾಗಿಲು ಎಳೆದುಕೊಂಡಳು.

"ಎಲ್ಲಿಗೆ ಹೊಂಟಿದ್ದಿ?" ಎಂದೆ.

"ಸ್ಟೇಷನ್ನಿಗೆ. ಸಂಜೀತನಕ ಅಲ್ಲೇ ಕುಂಡ್ರಬೇಕಂತ ಮಾಡಿದ್ದೆ."

"ನಡಿ ದವಾಖಾನಿಗೆ. ಈಗೇನು ರಜಾ ಅರ್ಜಿ ಬರಿಯೂದದ?"

"ಬ್ಯಾಡ್ರಿ ಆಯಿ. ಒಮ್ಮೆ ಕಾಗದದ ಮ್ಯಾಲೆ ಬಂದ್ರ ಮುಗೀತು."

"ಬರಲಿ."

ರಟ್ಟೆ ಹಿಡಿದು ರಿಕ್ಷಾದಲ್ಲಿ ಕೂರಿಸಿದೆ. ಮುನ್ಸಿಪಾಲಿಟಿ ದವಾಖಾನೆಯಲ್ಲಿ ಕೇಸ್ ಪೇಪರ್ ಮಾಡಿಸುವ ಸಾಲು ಹೊರಗಿನ ಗೇಟಿನವರೆಗೆ ಇತ್ತು. ನಿಂತೆವು. ಕಿಟಕಿಯ ಹತ್ತಿರ ಬಂದಾಗ ಒಳಗಿನ ಹೆಣ್ಣುಮಗಳು ಏನು ತ್ರಾಸು ಎಂದು ಮರಾಠಿಯಲ್ಲಿ ಕೇಳಿದಳು.

"ಚಷ್ಮಾದ ನಂಬರು," ಎಂದು ಅಕಿ ಶುರು ಮಾಡಿದಳು.

ನಾನು ಅಕಿಯನ್ನು ಸರಿಸಿ ಕಿಟಕಿಗೆ ಬಾಯಿ ಹಚ್ಚಿದೆ. ಹಿಂದೆ ನಿಂತವರಿಗೂ ಕೇಳುವ ಹಾಗೆ ಹೇಳಿದೆ. "ಚಷ್ಮಾ ಅಲ್ಲ. ಎರಡು ವರ್ಷದಿಂದ ಇವಳಿಗೆ ಕಣ್ಣು ಕಾಣುವುದಿಲ್ಲ. ಹಾಗೇ ಬರೆಯಿರಿ."

ಅಕಿ ತನ್ನ ಕೈಯನ್ನು ನನ್ನ ಕೈಯಿಂದ ಬಿಡಿಸಿಕೊಂಡಳು. ಆ ಹೆಣ್ಣುಮಗಳು ಬರೆದಳು. ಕಾಗದ ನಾನು ತೆಗೆದುಕೊಂಡೆ. ಕಣ್ಣಿನ ವಿಭಾಗ ಎರಡನೇ ಮಾಳಿಗೆಯಲ್ಲಿತ್ತು, ನಾನು ಮುಂದೆ ಹತ್ತಿದೆ, ಅಕಿ ಹಿಂದೆ ಬಂದಳು.