ಭಾನುವಾರ ಸ್ಪ್ಯಾನರ್ ಹಿಡಿದ ಮರ್ಡೀನಾ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಓರ್ಮಸೇ ದ್ವೀಪದ ಹಡಗುಕಟ್ಟೆಯ ಮೇಲ್ಗಡೆ, ತಗಡಿನ ಶೆಡ್ಡಿನೊಳಗೆ, ಮರ್ಡೀನಾ ಮೆಕ್ಯಾಸ್ಕಿಲ್ ತಮ್ಮ ಸ್ಪ್ಯಾನರಿಗೆ ಹಳೇ ಉಣ್ಣೆ ಕಾಲುಚೀಲ ಸುತ್ತುತ್ತಿದ್ದಾರೆ. ಕೈತಪ್ಪಿ ಬೋಲ್ಟು ಬಿದ್ದರೂ ಸದ್ದಾಗದಿರಲೆಂದು ಕಾರಿನಡಿಗೆ ಕಂಬಳಿ ಹಾಸಿದ್ದಾರೆ. ದಿನವಿಡೀ ಕಿರುಚುವ ರೇಡಿಯೊ ಇವತ್ತು ಬಾಯಿ ಮುಚ್ಚಿಕೊಂಡಿದೆ. ಶೆಡ್ಡಿನ ಬಾಗಿಲಿಗೆ ಒಳಗಿನಿಂದ ಅಗಳಿ ಬಿದ್ದಿದೆ. ನೋಡಿದವರು ಏನೋ ಕಳ್ಳ ವ್ಯವಹಾರ ಎಂದುಕೊಳ್ಳಬೇಕು. ನಡೆಯುತ್ತಿರುವುದು ಮಾತ್ರ ಒಂದು ಹಳೇ ಕಾರಿಗೆ ಎಂಜಿನ್ ಕೂರಿಸುವ ಕೆಲಸ. ತಪ್ಪೇನೆಂದರೆ, ಇವತ್ತು ಭಾನುವಾರ.

ಓರ್ಮಸೇಯಲ್ಲಿ ಭಾನುವಾರ ದೇವರ ದಿನ, ಯಾರೂ ಕೆಲಸ ಮುಟ್ಟುವುದಿಲ್ಲ. ಒಗೆದ ಬಟ್ಟೆಯನ್ನು ಹಗ್ಗಕ್ಕೆ ಹಾಕುವುದಿಲ್ಲ, ಮಧ್ಯಾಹ್ನದ ಆಲೂಗೆಡ್ಡೆಯ ಸಿಪ್ಪೆಯನ್ನು ಶನಿವಾರವೇ ಹೆರೆದಿಟ್ಟಿರುತ್ತಾರೆ. ಹಡಗು ಸಹ ಬರುವುದಿಲ್ಲ. ಮರ್ಡೀನಾ ಹೊರಗಿನವರೇನಲ್ಲ, ಈ ನಿಯಮ ಪಾಲಿಸುವ ಇಲ್ಲಿನ ಕ್ರೈಸ್ತ ಸಭೆಯಲ್ಲೇ ಹುಟ್ಟಿ ಬೆಳೆದವರು. ಅರವತ್ತು ಹತ್ತಿರ ಬಂದರೂ ಭಾನುವಾರ ಕೈಗೆ ಗ್ರೀಸ್ ಹಚ್ಚಿಕೊಂಡವರಲ್ಲ. ಇವತ್ತು ಹಚ್ಚಿಕೊಂಡಿದ್ದಾರೆ. ಅವರಿಗೆ ನಾಚಿಕೆಯೂ ಇದೆ, ನಾಚಿಕೆಯ ಎರಡರಷ್ಟು ಸಿಟ್ಟೂ ಇದೆ.

"ನನಗೇನು ಇದು ಹಬ್ಬ ಅಂದ್ಕೊಂಡಿದ್ದೀಯಾ?" ಎಂದು ಕಾರಿನಡಿಯಿಂದಲೇ ಪಿಸುಗುಡುತ್ತಾರೆ. "ಟಾರ್ಚು ನೆಟ್ಟಗೆ ಹಿಡಿಯೇ. ನನ್ನ ಮುಖಕ್ಕೆ ಯಾಕೆ ಬಿಡ್ತೀಯ, ಬೋಲ್ಟು ನನ್ನ ಮೂಗಲ್ಲಿಲ್ಲ."

ಟಾರ್ಚು ಹಿಡಿದಿರುವವಳು ಕರ್ಸ್ಟಿ. ದ್ವೀಪದ ವಯಸ್ಸಾದವರ ಮನೆಮನೆಗೆ ಹೋಗಿ ಸ್ನಾನ ಮಾಡಿಸಿ, ಉಣಿಸಿ ಬರುವುದು ಅವಳ ಕೆಲಸ. ಕಾರೂ ಅವಳದೇ. ಹಿಂದೆ ಕಡಲಾಚೆ ದಡದ ಊರಿನಲ್ಲಿ ಟ್ಯಾಕ್ಸಿಯಾಗಿ ಸವೆದು, ಎರಡನೇ ಕೈಗೆ ಬಂದು, ಈಗ ಎರಡೂವರೆ ಲಕ್ಷ ಮೈಲಿ ದಾಟಿರುವ ಡೀಸೆಲ್ ಗಾಡಿ. ಕಡಲ ಉಪ್ಪಿಗೆ ಬಾಗಿಲಿನ ಅಂಚೆಲ್ಲ ತುಕ್ಕು ಹಿಡಿದು ಉದುರುತ್ತಿದೆ. ಆದರೆ ಹಿಂದುಗಡೆ ಒಂದು ಇಳಿಜಾರು ಹಲಗೆ ಇದೆ, ಗಾಲಿಕುರ್ಚಿಯನ್ನು ಮನುಷ್ಯರ ಸಮೇತ ಒಳಗೆ ತಳ್ಳಬಹುದು. ದ್ವೀಪದಲ್ಲಿ ಅಂಥ ಗಾಡಿ ಇದೊಂದೇ.

ನಾಳೆ ಬೆಳಗಿನ ಹಡಗಿಗೆ ಆ ಗಾಲಿಕುರ್ಚಿಯಲ್ಲಿ ಹೋಗಬೇಕಾದವರು ಶೋನಗ್. ಎಂಬತ್ತು ದಾಟಿದ ಜೀವ, ಉತ್ತರದ ತುದಿಯಲ್ಲಿ ಮನೆ. ಎರಡೂ ಕಣ್ಣಿಗೆ ಪೊರೆ ಬಂದು, ಉಣ್ಣೆ ಹೆಣಿಗೆಯ ಕುಣಿಕೆಗಳನ್ನು ಬೆರಳಲ್ಲೇ ಮುಟ್ಟಿ ಎಣಿಸುವ ಹಾಗಾಗಿದೆ. ದಡದ ಆಸ್ಪತ್ರೆಯಲ್ಲಿ ಆಪರೇಶನ್ನಿಗೆ ವರ್ಷಕ್ಕೂ ಮಿಕ್ಕಿ ಕಾದು ಈಗ ಸರದಿ ಬಂದಿದೆ. ನಾಳೆ ತಪ್ಪಿದರೆ ಮತ್ತೆ ಸಾಲಿನ ಕೊನೆಗೆ. ಅಷ್ಟು ದಿನ ಕಾಯುವಷ್ಟು ಆಯುಸ್ಸು ತನಗಿದೆಯೋ ಇಲ್ಲವೋ ಎಂದು ಶೋನಗ್ ನಗುತ್ತಲೇ ಕೇಳುತ್ತಾರೆ. ಕೇಳಿದವರಿಗೆ ನಗು ಬರುವುದಿಲ್ಲ.

ಹಳೇ ಎಂಜಿನ್ ಸತ್ತ ಕಥೆಯನ್ನು ಮರ್ಡೀನಾ ಬಾಯಲ್ಲೇ ಕೇಳಬೇಕು. ಈ ದ್ವೀಪದಲ್ಲಿ ಯಾರೂ ಕಾರಿನ ಕೀಲಿ ಮನೆಯೊಳಗೆ ಒಯ್ಯುವುದಿಲ್ಲ, ಅದು ಗಾಡಿಯಲ್ಲೇ ನೇತಾಡುತ್ತಿರುತ್ತದೆ. ಬೇಕಾದವರು ಒಯ್ಯುತ್ತಾರೆ, ಕೆಲಸ ಮುಗಿಸಿ ತಂದು ನಿಲ್ಲಿಸುತ್ತಾರೆ. ಡೀಸೆಲ್ ಹಾಕಿಸುವ ಮರ್ಯಾದೆ ಎಲ್ಲರಿಗೂ ಇದೆ. ಬಾನೆಟ್ ಎತ್ತಿ ಆಯಿಲ್ ಕಡ್ಡಿ ಎಳೆದು ನೋಡುವ ಬುದ್ಧಿ ಮಾತ್ರ ಒಬ್ಬರಿಗೂ ಇಲ್ಲ.

"ಹತ್ತು ಜನ ಓಡಿಸ್ತಾರೆ, ನೋಡೋರು ಯಾರೂ ಇಲ್ಲ. ನೀನು ನೋಡಿರ್ತೀಯ ಅಂತ ಅವನು, ಅವನು ನೋಡಿರ್ತಾನೆ ಅಂತ ನೀನು," ಎಂದು ಮರ್ಡೀನಾ ಹಲ್ಲು ಕಡಿಯುತ್ತಾರೆ. "ಇಷ್ಟು ಓಡಿದ ಎಂಜಿನ್ ಆಯಿಲ್ ಕುಡಿಯುತ್ತೆ ಕಣೇ, ಅದು ಅದರ ವಯಸ್ಸಿನ ಗುಣ. ವಾರಕ್ಕೊಂದ್ಸಲ ನೋಡಿ, ಕಮ್ಮಿ ಇದ್ರೆ ಒಂದಿಷ್ಟು ಹುಯ್ಯಿರಿ ಅಂತ ಬಡ್ಕೊಂಡೆ. ಗೋಡೆ ಮೇಲೆ ಬರೆದೂ ಹಾಕಿದೆ."

ಬರೆದಿರುವುದು ನಿಜ. ಶೆಡ್ಡಿನ ಹೊರಗೋಡೆಯ ಮೇಲೆ ಮೊಳದುದ್ದದ ಬಿಳಿ ಅಕ್ಷರಗಳಲ್ಲಿ 'ಆಯಿಲ್ ನೋಡಿದಿರಾ?' ಎಂದಿದೆ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ. ಜನ ಅದರ ಕೆಳಗೇ ಗಾಡಿ ನಿಲ್ಲಿಸಿ, ಗೋಡೆಗೆ ಒರಗಿ, ಹವಾಮಾನ ಮಾತಾಡಿ ಹೋಗುತ್ತಾರೆ.

ಹೋದ ವಾರ ಕಾರನ್ನು ಕೊನೆಯದಾಗಿ ಒಯ್ದವರು ಟಾರ್ಮಡ್. ಸಭೆಯ ಹಿರಿಯರು, ಆರಾಧನೆಯಲ್ಲಿ ಕೀರ್ತನೆಯ ಸಾಲು ಎತ್ತಿಕೊಡುವವರು. ಕಣ್ಣು ಕಾಣದ ಶೋನಗ್ ಇವರ ಸ್ವಂತ ಅಕ್ಕ. ಕುರಿಗಳಿಗೆ ಮೇವಿನ ಮೂಟೆ ಹೇರಿಕೊಂಡು ಗುಡ್ಡ ಹತ್ತುತ್ತಿದ್ದಾಗ ಎಂಜಿನ್ ಕಟಕಟ ಎಂದಿತು, ಆಮೇಲೆ ದಡಾರೆಂದು ನಿಂತೇ ಹೋಯಿತು. ಮರ್ಡೀನಾ ಹೋಗಿ ಕಡ್ಡಿ ಎಳೆದರೆ ತುದಿಗೆ ಒಂದು ತೊಟ್ಟು ಆಯಿಲ್ ಇಲ್ಲ. ಒಳಗೆಲ್ಲ ಕಚ್ಚಿಕೊಂಡು ಎಂಜಿನ್ ಕಲ್ಲಾಗಿತ್ತು.

"ಕೆಂಪು ದೀಪ ಹತ್ತಲಿಲ್ವಾ?" ಎಂದು ಮರ್ಡೀನಾ ಕೇಳಿದ್ದರು.

"ಹತ್ತಿತ್ತಮ್ಮ. ಬೆಳಗ್ಗಿಂದಾನೂ ಉರೀತಾ ಇತ್ತು," ಎಂದರು ಟಾರ್ಮಡ್, ಟೋಪಿ ತೆಗೆದು ತಲೆ ಕೆರೆಯುತ್ತಾ. "ಹೀಟರ್ ಹಾಕಿದ್ನಲ್ಲ, ಒಳಗೆ ಬೆಚ್ಚಗಿದೆ ಅಂತ ಹೇಳ್ತಿದೆ ಅಂದ್ಕೊಂಡೆ."

ಈ ಮಾತನ್ನು ನೆನೆದಾಗಲೆಲ್ಲ ಮರ್ಡೀನಾ ಹಣೆ ಚಚ್ಚಿಕೊಳ್ಳುತ್ತಾರೆ. "ಶೋನಗ್‌ಗೆ ಕಣ್ಣು ಬರಲೇಬೇಕು. ಆ ವಂಶದಲ್ಲಿ ಒಬ್ಬರಾದ್ರೂ ಕೆಂಪು ದೀಪ ನೋಡೋರು ಇರಲಿ."

ಮರ್ಡೀನಾ ಈ ವಿದ್ಯೆ ಕಲಿತದ್ದು ಮೀನುದೋಣಿಗಳ ಎಂಜಿನ್ ಬಿಚ್ಚುತ್ತಿದ್ದ ಅಪ್ಪನ ಹತ್ತಿರ. ಆಮೇಲೆ ದಡದ ಬಸ್ ಡಿಪೊದಲ್ಲಿ ವರ್ಷಗಟ್ಟಲೆ ದುಡಿದು, ಅಪ್ಪನ ಕೈ ನಡುಗಲು ಶುರುವಾದಾಗ ಹಿಂತಿರುಗಿದರು. ಊರಿನ ಗಂಡಸರು ಗಾಡಿ ತಂದು ನಿಲ್ಲಿಸಿ "ಅಪ್ಪ ಇದ್ದಾರಾ?" ಎನ್ನುತ್ತಿದ್ದರು. ಅಪ್ಪ ತೀರಿಕೊಂಡ ಮೇಲೂ ಒಬ್ಬ ಹಾಗೇ ಕೇಳಿದ. ಮರ್ಡೀನಾ ಸ್ಮಶಾನದ ದಾರಿ ತೋರಿಸಿ, ಅಲ್ಲಿ ಹೋಗಿ ಕ್ಲಚ್ ಪ್ಲೇಟ್ ಹಾಕಿಸಿಕೊ ಎಂದರಂತೆ. ಅವನ ಗಾಡಿಯ ಕ್ಲಚ್ಚನ್ನು ಆಮೇಲೆ ಇವರೇ ಹಾಕಿದರು, ಆ ಮಾತು ಬೇರೆ.

ದಡದ ಗುಜರಿಯಲ್ಲಿ ಒಂದು ಒಳ್ಳೇ ಎಂಜಿನ್ ಸಿಕ್ಕಿದ್ದು ಮಂಗಳವಾರ. ಬುಧವಾರ ಗಾಳಿ ಎಂದು ಹಡಗಿಲ್ಲ. ಗುರುವಾರವೂ ಗಾಳಿ. ಶುಕ್ರವಾರ ಗಾಳಿ ನಿಂತಿತ್ತು, ಹಡಗು ಕೆಟ್ಟಿತ್ತು. ಎಂಜಿನ್ ಬಂದು ಇಳಿದದ್ದು ಶನಿವಾರ ಮಧ್ಯಾಹ್ನದ ಮೇಲೆ. ಟೈಮಿಂಗ್ ಬೆಲ್ಟು, ಆಯಿಲ್ ಸೀಲುಗಳನ್ನು ಹೊಸದಾಗಿ ಹಾಕಿ, ಭಾರ ಎತ್ತುವ ಚೈನ್ ಬ್ಲಾಕಿಗೆ ತೂಗುಹಾಕಿ, ಗಾಡಿಯೊಳಗೆ ಇಳಿಸುವಷ್ಟರಲ್ಲಿ ಕತ್ತಲಾಯಿತು. ಗೇರ್‌ಬಾಕ್ಸ್ ಕೂಡಿಸುವುದು, ಡೀಸೆಲ್ ಪೈಪು, ರೇಡಿಯೇಟರ್, ವೈರು, ಎಲ್ಲವೂ ಬಾಕಿ. ಬೆಳಗಾದರೆ ಭಾನುವಾರ.

ಅಗತ್ಯದ ಕೆಲಸಕ್ಕೂ ಕರುಣೆಯ ಕೆಲಸಕ್ಕೂ ಭಾನುವಾರ ಅಡ್ಡಿಯಿಲ್ಲ ಎಂದು ಸಭೆಯೇ ಹೇಳುತ್ತದೆ. ಹಸು ಕರು ಹಾಕಿದರೆ ಓಡಬಹುದು, ಕಾಯಿಲೆಯವರಿಗೆ ಗಂಜಿ ಕಾಯಿಸಬಹುದು. ಎಂಜಿನ್ ಕೂರಿಸಬಹುದೇ? ಮರ್ಡೀನಾ ನಿನ್ನೆ ಸಂಜೆ ಟಾರ್ಮಡ್ ಮನೆಗೇ ಹೋಗಿ ಕೇಳಿದರು.

"ಅಕ್ಕನಿಗೆ ಕಣ್ಣು ಬರೋದು ಕರುಣೆಯ ಕೆಲಸ, ಇಲ್ಲ ಅನ್ನಲ್ಲ," ಎಂದರು ಟಾರ್ಮಡ್. "ಆದ್ರೆ ಸ್ಪ್ಯಾನರ್ ಸದ್ದು ಸ್ಪ್ಯಾನರ್ ಸದ್ದೇ."

"ಹಾಗಾದ್ರೆ ಮಾಡ್ಲೋ ಬೇಡ್ವೋ?"

"ಬೇರೆಯವರ ಅಕ್ಕ ಆಗಿದ್ರೆ ಮಾಡು ಅಂತಿದ್ದೆ. ನನ್ನಕ್ಕನಿಗೋಸ್ಕರ ನಿಯಮ ಮುರಿ ಅಂತ ಯಾವ ಬಾಯಲ್ಲಿ ಹೇಳ್ಲಿ? ಅದೂ ಗಾಡಿ ಕೆಡಿಸಿದೋನು ನಾನು."

"ಬೇಡ ಅಂತಾನಾದ್ರೂ ಹೇಳಿ!"

"ಅದನ್ನೂ ಹೇಳಕ್ಕಾಗಲ್ಲ."

ಅಡ್ಡಗೋಡೆಯ ಮೇಲೆ ದೀಪ ಇಡುವುದೆಂದರೆ ಇದೇ. ಟಾರ್ಮಡ್ ಕೊಟ್ಟ ಚಹಾ ಕುಡಿಯದೆ ಮರ್ಡೀನಾ ಎದ್ದು ಬಂದರು. ರಾತ್ರಿ ಕಣ್ಣಿಗೆ ನಿದ್ದೆ ಹತ್ತಲಿಲ್ಲ. ಬೆಳಗಿನ ಜಾವ ಕಾಲುಚೀಲ ಹುಡುಕಿಕೊಂಡು ಶೆಡ್ಡಿಗೆ ಬಂದರು.

ಹನ್ನೊಂದರ ಹೊತ್ತಿಗೆ ಗಾಡಿ ಒಂದು ರೂಪಕ್ಕೆ ಬಂದಿದೆ. ಆದರೆ ಸೈಲೆನ್ಸರ್ ಪೈಪಿನ ಬೋಲ್ಟು ತುಕ್ಕಿಗೆ ಮುರಿದು ಕೈಗೆ ಬಂದಿದೆ. ಅದನ್ನು ಕೊರೆದು ತೆಗೆಯಬೇಕು, ಡ್ರಿಲ್ ಹಾಕಿದರೆ ಊರೆಲ್ಲ ಕೇಳಿಸುತ್ತದೆ. ಪೈಪು ಕೂಡಿಸದೆ ಎಂಜಿನ್ ಎಬ್ಬಿಸಿದರೆ ಡ್ರಿಲ್ಲಿಗಿಂತ ಹೆಚ್ಚಿನ ಅಬ್ಬರ.

"ನಾಳೆ ಬೆಳಗ್ಗೇನೇ ಸ್ಟಾರ್ಟ್ ಮಾಡಿದ್ರಾಗಲ್ವಾ?" ಎನ್ನುತ್ತಾಳೆ ಕರ್ಸ್ಟಿ.

"ಬೆಳಗ್ಗೆ ಏಳಲಿಲ್ಲ ಅಂದ್ರೆ? ಹಡಗು ನಿನ್ನ ಮುಖ ನೋಡ್ಕೊಂಡು ನಿಲ್ಲುತ್ತಾ? ಇವತ್ತೇ ಗೊತ್ತಾಗ್ಬೇಕು, ಏನು ಕೆಟ್ಟಿದ್ರೂ ರಿಪೇರಿಗೆ ಹೊತ್ತಿರಬೇಕು." ಮರ್ಡೀನಾ ಕೈ ಒರೆಸಿಕೊಂಡು ಕಿಟಕಿಯಾಚೆ ನೋಡುತ್ತಾರೆ. ಎರಡು ಹೊಲ ದಾಟಿದರೆ ಸಭೆಯ ಕಟ್ಟಡ, ಜನ ಒಳಗೆ ಹೋಗಿಯಾಗಿದೆ. "ಕೀರ್ತನೆ ಶುರುವಾಗ್ಲಿ."

ಇಲ್ಲಿನ ಕೀರ್ತನೆಗೆ ವಾದ್ಯವಿಲ್ಲ. ಟಾರ್ಮಡ್ ಒಬ್ಬರೇ ಒಂದು ಸಾಲು ಎತ್ತಿಕೊಡುತ್ತಾರೆ, ಇಡೀ ಸಭೆ ಅದನ್ನು ಎಳೆದೆಳೆದು, ಒಬ್ಬೊಬ್ಬರು ಒಂದೊಂದು ಕಡೆ ತಿರುವಿ ಹಾಡುತ್ತದೆ. ಆಗ ಹೊರಗೆ ಗುಡುಗಿದರೂ ಒಳಗಿನವರಿಗೆ ಕೇಳಿಸದು. ಎಂದಿನಂತೆ ನಾಲ್ಕು ಪದ್ಯ. ಆಮೇಲೆ ಪ್ರಾರ್ಥನೆ, ಆಮೇಲೆ ಪಾದ್ರಿಯವರ ಉದ್ದನೆಯ ಉಪದೇಶ. ಆಗ ಸೂಜಿ ಬಿದ್ದರೂ ಕೇಳಿಸುತ್ತದೆ.

ಮೊದಲ ಪದ್ಯದಲ್ಲಿ ಮರ್ಡೀನಾ ಡೀಸೆಲ್ ಬಿಡದೆ ಎಂಜಿನ್ ಬರಿದೇ ತಿರುಗಿಸಿ ಆಯಿಲ್ ಮೇಲೇರಿಸುತ್ತಾರೆ. ಎರಡನೆಯದರಲ್ಲಿ ನಿಜವಾಗಿ ಕೀಲಿ ತಿರುಗಿಸುತ್ತಾರೆ. ಎಂಜಿನ್ ಕೆಮ್ಮಿ ಸುಮ್ಮನಾಗುತ್ತದೆ. "ಪೈಪಲ್ಲಿ ಗಾಳಿ ಸೇರಿದೆ. ಇದಕ್ಕೂ ಇವತ್ತೇ ಆಗ್ಬೇಕಿತ್ತು!" ನಟ್ಟು ಸಡಿಲಿಸಿ ಗಾಳಿ ತೆಗೆದು, ಬಿಗಿದು, ಮತ್ತೆ ತಿರುಗಿಸುತ್ತಾರೆ. ಈ ಸಲ ನಾಲ್ಕಾರು ಗುಡುಗು ಗುಡುಗಿ, ಕಪ್ಪು ಹೊಗೆ ಕಕ್ಕಿ, ಸಭೆ ಸುಮ್ಮನಾಗಿ ಟಾರ್ಮಡ್ ಒಬ್ಬರೇ ಸಾಲು ಎತ್ತಿಕೊಡುವ ಗಳಿಗೆಯಲ್ಲೇ ಕೆಮ್ಮುತ್ತಾ ಸಾಯುತ್ತದೆ. ಕರ್ಸ್ಟಿ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಳ್ಳುತ್ತಾಳೆ. ಟಾರ್ಮಡ್‌ಗೂ ಕೇಳಿಸಿರಲೇಬೇಕು. ಮರ್ಡೀನಾ ಇನ್ನೊಮ್ಮೆ ಗಾಳಿ ತೆಗೆದು ಸೀಟಿಗೆ ಬರುವಷ್ಟರಲ್ಲಿ ನಾಲ್ಕನೇ ಪದ್ಯದ ಕೊನೇ ಸಾಲು ಮುಗಿಯುತ್ತದೆ.

ಕೀಲಿಯ ಮೇಲಿದ್ದ ಕೈ ಹಾಗೇ ಉಳಿಯುತ್ತದೆ. ಮರ್ಡೀನಾ ಸ್ಟೀರಿಂಗಿಗೆ ಹಣೆ ಒತ್ತಿಕೊಂಡು ಕೂರುತ್ತಾರೆ. ಅಳು ಬರುತ್ತಿದೆ, ಅಳುವುದಕ್ಕೂ ಸಿಟ್ಟು ಬರುತ್ತಿದೆ.

ಆಗ ಹೊಲದಾಚೆಯಿಂದ ಒಂಟಿ ದನಿ ಏಳುತ್ತದೆ. ಟಾರ್ಮಡ್ ದನಿ. ಐದನೇ ಪದ್ಯದ ಮೊದಲ ಸಾಲು. ಸಭೆ ತಬ್ಬಿಬ್ಬಾಗಿರಬೇಕು, ಒಂದು ಕ್ಷಣ ಯಾರೂ ಹಾಡುವುದಿಲ್ಲ. ಅವರು ಅದೇ ಸಾಲನ್ನು ಇನ್ನಷ್ಟು ಗಟ್ಟಿಯಾಗಿ ಎತ್ತಿಕೊಡುತ್ತಾರೆ. ಜನ ಹಿಂದೆಯೇ ದನಿಗೂಡಿಸುತ್ತಾರೆ.

"ತಿರುಗ್ಸಿ!" ಎನ್ನುತ್ತಾಳೆ ಕರ್ಸ್ಟಿ.

ಮರ್ಡೀನಾ ಕೀಲಿ ತಿರುಗಿಸುತ್ತಾರೆ. ಎಂಜಿನ್ ಕೆಮ್ಮುತ್ತದೆ, ತಡವರಿಸುತ್ತದೆ, ಹತ್ತಿಕೊಳ್ಳುತ್ತದೆ. ಶೆಡ್ಡಿನ ತಗಡೆಲ್ಲ ಗಡಗಡ ಅದುರುತ್ತದೆ. ಆರನೇ ಪದ್ಯ ಮುಗಿಯುವವರೆಗೂ ಅದನ್ನು ಓಡಲು ಬಿಟ್ಟು, ಎಲ್ಲೂ ಆಯಿಲ್ ಸೋರುತ್ತಿಲ್ಲವೆಂದು ಬಗ್ಗಿ ನೋಡಿ, ಮರ್ಡೀನಾ ಆರಿಸುತ್ತಾರೆ. ಮುರಿದ ಬೋಲ್ಟನ್ನು ಬೆಳಗಿನ ಜಾವ ಕೊರೆದರಾಯಿತು, ಅಷ್ಟೊತ್ತಿಗೆ ಸೋಮವಾರ.

ಆರಾಧನೆ ಮುಗಿದು ಕಪ್ಪು ಕೋಟಿನ ಜನ ಇಳಿದು ಬರುತ್ತಾರೆ. ಶೆಡ್ಡಿನತ್ತ ಯಾರೂ ತಲೆ ಎತ್ತುವುದಿಲ್ಲ. ಎಲ್ಲರಿಗಿಂತ ಹಿಂದೆ ಟಾರ್ಮಡ್. ಬಾಗಿಲ ಹತ್ತಿರ ನಿಂತು, ರಸ್ತೆಯನ್ನೇ ನೋಡುತ್ತಾ ಕೇಳುತ್ತಾರೆ: "ಗಾಡಿ ಓಡುತ್ತೇನು?"

"ಓಡುತ್ತೆ," ಎನ್ನುತ್ತಾರೆ ಒಳಗಿನಿಂದ ಮರ್ಡೀನಾ.

"ಭಾನುವಾರ ಗಾಡಿ ಮಾತು ಬೇಡ. ನಾಳೆ ಹೇಳು." ಹೇಳಿ, ಕೋಲು ಊರಿಕೊಂಡು ಹೊರಟೇಬಿಡುತ್ತಾರೆ.

ಮರ್ಡೀನಾ ಆ ಬೆನ್ನನ್ನೇ ನೋಡುತ್ತಾ, ಕೈಯಲ್ಲಿದ್ದ ಕಾಲುಚೀಲ ಮೂಲೆಗೆಸೆಯುತ್ತಾರೆ. "ನೋಡಿದ್ಯಾ ಈ ಮನುಷ್ಯನ್ನ? ಕೇಳೋದೂ ಇವರೇ, ಬಾಯಿ ಮುಚ್ಚು ಅನ್ನೋದೂ ಇವರೇ," ಎಂದು ಕರ್ಸ್ಟಿಗೆ ಹೇಳುತ್ತಾರೆ. ಆಮೇಲೆ ಬಾನೆಟ್ಟನ್ನು ಮೆಲ್ಲಗೆ ಇಳಿಸುತ್ತಾ ಅನ್ನುತ್ತಾರೆ: "ನಾಳೆ ಹೇಳೋಕೆ ಏನಿರುತ್ತೆ? ನಾಳೆ ಇಷ್ಟೊತ್ತಿಗೆ ಶೋನಗ್ ಕಡಲಾಚೆ ಇರ್ತಾರೆ."