ಒಂದೇ ಸಲ ಕರೆದ ದನಿ

ದೆವ್ವ ಕಂಡೆ ಅನ್ನುವವರ ಮಾತು ಕೇಳಿ ಬಿದ್ದು ಬಿದ್ದು ನಕ್ಕವಳು ನಾನು. ಈಗ ನನ್ನ ಮಾತು ಕೇಳಿ ನೀವು ನಕ್ಕರೆ ಬೇಸರವಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

ನಾನು ಹುಟ್ಟಿ ಬೆಳೆದದ್ದು ಚಿತ್ರದುರ್ಗದ ಕೋಟೆಯ ಮಗ್ಗುಲಲ್ಲಿ. ಆ ಕೋಟೆಯ ಬಾಗಿಲುಗಳು ಎದುರುಬದುರು ಇಲ್ಲ, ದಾರಿ ಸುತ್ತಿ ಬಳಸಿ ಹೋಗುತ್ತದೆ. ನುಗ್ಗಿ ಬಂದ ವೈರಿಗೆ ಮುಂದಿನ ಬಾಗಿಲು ಕಾಣಬಾರದು, ಆನೆಗೆ ಓಡಿ ಬಂದು ಗುದ್ದಲು ಜಾಗ ಸಿಗಬಾರದು. ನಮಗೆ ಮಕ್ಕಳಿಗೆ ಅದು ಕಣ್ಣಾಮುಚ್ಚಾಲೆಗೆ ಹೇಳಿ ಮಾಡಿಸಿದ ಜಾಗ. ಸಂಜೆಯಾದರೆ ಅವ್ವ ತಿರುವಿನಾಚೆ ನಿಂತು "ದುಗ್ಗೀ" ಎಂದು ಕೂಗುತ್ತಿದ್ದಳು, ತಪ್ಪದೆ ಮೂರು ಸಲ. ದೆವ್ವ ಒಂದೇ ಸಲ ಕರೆಯುತ್ತದೆ, ಅದಕ್ಕೆ ಓಗೊಡಬಾರದು ಎಂಬುದು ಅವಳ ಕಟ್ಟಪ್ಪಣೆ. ನನ್ನನ್ನು ದುಗ್ಗಿ ಎನ್ನುತ್ತಿದ್ದವಳು ಅವಳೊಬ್ಬಳೇ. ಅವಳು ತೀರಿಕೊಂಡ ಮೇಲೆ ಆ ಹೆಸರೂ ಹೋಯಿತು.

ಕೆಲವು ವರ್ಷಗಳ ಹಿಂದೆ ಆಫೀಸ್ ಕೆಲಸಕ್ಕೆಂದು ಮೆಲ್ಬರ್ನ್‌ನಿಂದ ಸಿಡ್ನಿಗೆ ಹೋಗಿದ್ದೆ. ಮೆಲ್ಬರ್ನ್‌ನ ಪಾಯಿಂಟ್ ಕುಕ್ ಬಡಾವಣೆಯ ನನ್ನ ಮನೆಯಲ್ಲಿ ಒಬ್ಬಳೇ, ಸಿಡ್ನಿಯ ಹೋಟೆಲಿನಲ್ಲೂ ಒಬ್ಬಳೇ. ವೀಕೆಂಡ್ ಬಂದರೆ ಬಾಯಿ ತೆರೆಯುವ ಪ್ರಸಂಗವೇ ಇರುತ್ತಿರಲಿಲ್ಲ. ಆ ಭಾನುವಾರ ಸಂಜೆ ಸಮುದ್ರದಂಚಿನ ಪಾಳು ಕೋಟೆ ನೋಡಲು ಹೋದೆ. ನಮ್ಮದರಷ್ಟು ಹಳೆಯದಲ್ಲ, ಫಿರಂಗಿ ಕಾಲದ್ದು. ಆದರೂ ನೆಲದಡಿಯ ದಾರಿ ನಮ್ಮೂರಿನದರ ಹಾಗೇ ತಿರುಗುತ್ತಿತ್ತು. ಕಲ್ಲಿನ ಗೋಡೆ ಸವರುತ್ತಾ ನಡೆದರೆ ತವರಿಗೆ ಬಂದಂತಾಯಿತು.

ತಿರುವಿನಾಚೆಯಿಂದ "ದುಗ್ಗೀ" ಎಂದು ಕೂಗಿದ್ದು ಕೇಳಿಸಿತು.

ಅವ್ವನ ದನಿಯೇ. ಓ ಅನ್ನಲು ಬಾಯಿ ತೆರೆದವಳು ತಟ್ಟನೆ ಮುಚ್ಚಿಕೊಂಡೆ. ಇನ್ನೆರಡು ಸಲ ಕರೆಯಲಿ ಎಂದು ಗೋಡೆಗೊರಗಿ ಕಾದೆ. ದೆವ್ವವನ್ನೇ ನಂಬದವಳು ದೆವ್ವದ ಕಟ್ಟಳೆ ಪಾಲಿಸುತ್ತಾ ನಿಂತಿದ್ದೆ ನೋಡಿ. ಕತ್ತಲು ಕವಿಯಿತು. ಅಲೆಗಳ ಸದ್ದು ಬಿಟ್ಟರೆ ಮತ್ತೇನೂ ಕೇಳಲಿಲ್ಲ. ಕೊನೆಗೆ ಧೈರ್ಯ ಮಾಡಿ ತಿರುವು ದಾಟಿದರೆ ದಾರಿ ಅಲ್ಲಿಗೇ ಮುಗಿದಿತ್ತು. ಎದುರಿಗೆ ಬರೀ ಗೋಡೆ.

ಮರುದಿನ ಸಿಡ್ನಿಯ ಹ್ಯಾರಿಸ್ ಪಾರ್ಕ್ ಬಡಾವಣೆಯ ಮನೆಗೆ ಊಟಕ್ಕೆ ಕರೆದಿದ್ದ ಪರಿಚಯದ ಆಂಟಿಗೆ ಇದನ್ನು ಹೇಳಿದೆ.

"ಸದ್ಯ, ನೀನು ಓ ಅನ್ಲಿಲ್ವಲ್ಲ. ಬಚಾವಾದೆ ಬಿಡಮ್ಮ," ಎಂದು ಅವರು ನನ್ನ ತಟ್ಟೆಗೆ ಇನ್ನೊಂದು ದೋಸೆ ಹಾಕಿದರು.

ಬಚಾವಾದೆನೋ ಏನೋ. ಅದು ಗಾಳಿಯೋ, ಭ್ರಮೆಯೋ, ಅವ್ವನೋ, ನನಗಿನ್ನೂ ತಿಳಿದಿಲ್ಲ. ಸಿಡ್ನಿಗೆ ಹೋದಾಗಲೆಲ್ಲ ಆ ತಿರುವಿನಲ್ಲಿ ಸ್ವಲ್ಪ ಹೊತ್ತು ನಿಂತು ಬರುತ್ತೇನೆ. ಈಗ ಒಂದೇ ಸಲ ಕರೆದರೂ ಓಗೊಡುತ್ತೇನೆ. ಯಾರೂ ಕರೆಯುವುದಿಲ್ಲ.