ಇಮ್ರಾನನ ಕೌಂಟರ್

ಸೇಡಂನ ಮೊಬೈಲ್ ಅಂಗಡಿಯಲ್ಲಿ ನಾನು ಒಂದು ಕಂಪನಿಯ ಫೋನ್ ಮಾರುತ್ತೇನೆ, ಪಕ್ಕದ ಕೌಂಟರಿನ ಇಮ್ರಾನ್ ಎದುರಾಳಿ ಕಂಪನಿಯದು. ಅವನು ಶುಕ್ರವಾರ ನಮಾಜಿಗೆ ಹೋದಾಗ ಅವನ ಗಿರಾಕಿಗಳನ್ನು ನಾನೇ ನೋಡಿಕೊಳ್ಳುತ್ತೇನೆ. ನಾನು ಊಟಕ್ಕೆ ಹೋದರೆ ನನ್ನವರನ್ನು ಅವನು.

ಒಂದು ತಿಂಗಳು, ಕಂಪನಿ ಕೊಟ್ಟ ಗುರಿ ಮುಟ್ಟಲು ಇನ್ನೊಂದು ಫೋನ್ ಮಾರದಿದ್ದರೆ ಇಮ್ರಾನನ ಕೆಲಸ ಹೋಗುವುದಿತ್ತು. ಅವನು ನಮಾಜಿಗೆ ಹೋದಾಗಲೇ ಚಿಮ್ಮನಚೋಡದ ಹೆಣ್ಣುಮಗಳೊಬ್ಬರು ಬಂದು ಅವನ ಕಂಪನಿಯ ಫೋನ್ ಕೇಳಿದರು. ತೆಗೆದು ತೋರಿಸಿ, ಬ್ಯಾಟರಿ ಭಾಳ ಚಲೋ ಅದರಿ ಎಂದೆ.

"ನಿಮ್ಮ ಅಂಗಿ ಮ್ಯಾಲ ಬ್ಯಾರೆ ಕಂಪನಿ ಹೆಸರದ. ಇದನ್ಯಾಕ ಹೊಗಳಾಕತ್ತೀರಿ?"

"ಇದನ್ನ ಮಾರಾವ ನಮಾಜಿಗೆ ಹೋಗ್ಯಾನ್ರಿ ಅಕ್ಕಾರ."

"ಹಂಗಾದ್ರ ಖರೇನ ಹೇಳಾಕತ್ತೀರಿ, ಕೊಡ್ರಿ."

ಬಿಲ್ಲಿನಲ್ಲಿ ಇಮ್ರಾನನ ಹೆಸರು ಹಾಕಿಸುವಾಗ ಕಲಬುರಗಿಯಿಂದ ನಮ್ಮ ಕಂಪನಿಯ ಮ್ಯಾನೇಜರ್ ಫೋನ್ ಮಾಡಿ, ಪಕ್ಕದವ ಏನು ಮಾಡುತ್ತಿದ್ದಾನೆ ಎಂದು ಕೇಳಿದರು. ಕೌಂಟರಿನಲ್ಲಿ ಇಲ್ಲ ಎಂದೆ.

"ಇದೇ ಟೈಮು. ಅವನ ಗಿರಾಕಿ ಒಬ್ಬರನ್ನೂ ಬಿಡಬ್ಯಾಡ."

"ಬಿಟ್ಟಿಲ್ರಿ ಸರ್," ಎಂದೆ. ಬಿಲ್ಲನ್ನು ಇಮ್ರಾನನ ಕೌಂಟರಿನ ಮೇಲಿಟ್ಟೆ.